ಲಿಮೆರಿಕ್ಕಿಗೆ ಹೋದ ಜಿಂಕೆಯ ತಲೆ

ಕಿಲ್ಕೆನ್ನಿಯ ಹೊರಗೆ

ಐರ್ಲೆಂಡಿನಲ್ಲಿ ಆರು ತಿಂಗಳು ಇದ್ದು ಬಂದವನು ಎಂದು ಗೊತ್ತಾದರೆ ಮೈಸೂರಿನಲ್ಲಿ ಜನ ಕೂರಿಸಿಕೊಂಡು ಕಡಲು, ಕೋಟೆ, ಹಸಿರು ಗುಡ್ಡ ಎಲ್ಲದರ ಬಗ್ಗೆ ಕೇಳುತ್ತಾರೆ. ಕಡಲನ್ನು ನಾನು ವಿಮಾನದಿಂದ ನೋಡಿದೆ. ಕೋಟೆಯನ್ನು ಬೀಗ ಹಾಕಿದ ಗೇಟಿನ ಹೊರಗಿನಿಂದ ನೋಡಿದೆ. ಹತ್ತಿರದಿಂದ, ಕೈಯಿಟ್ಟು, ಹಿಂದೆ ಮುಂದೆ ತಿರುಗಿಸಿ ನೋಡಿದ್ದು ಒಂದು ಜಿಂಕೆಯ ತಲೆಯನ್ನು ಮಾತ್ರ. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ. ಕಡಲು ಬೇಕಾದವರು ಬೇರೆಯವರನ್ನು ಕೇಳಬಹುದು.

ಹೋದದ್ದು ಫೆಬ್ರವರಿಯಲ್ಲಿ, ಒಂದು ತಿಂಗಳಿಗೆಂದು. ನನ್ನ ತಂಗಿ ಗಿರಿಜಾ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ನರ್ಸು. ಹದಿನೈದು ವರ್ಷದಿಂದ ಬಾ ಬಾ ಎಂದು ಕರೆಯುತ್ತಿದ್ದಳು. ನಾನು ಹೋಗಿ ಸೂಟ್‌ಕೇಸಿನಿಂದ ಉಪ್ಪಿನಕಾಯಿ ತೆಗೆದಿಡುವಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು. ನೆಂಟರ ಮರ್ಯಾದೆ ಮೂರು ದಿನ ಎನ್ನುತ್ತಾರೆ. ನಾನು ಆರು ತಿಂಗಳ ನೆಂಟನಾದೆ. ಅವಳ ಗಂಡನಿಗೆ ದೂರದ ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ರೂಮು ಮಾಡಿಕೊಂಡು ತಿಂಗಳಿಗೆರಡು ಸಲ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾವಿಬ್ಬರೇ. ಅವಳು ಡ್ಯೂಟಿಗೆ ಹೋದರೆ ನಾನೊಬ್ಬನೇ.

ಮನೆಯಿಂದ ಎರಡು ಕಿಲೋಮೀಟರ್ ದಾಟಬಾರದು ಎಂದು ಸರ್ಕಾರ ಹೇಳಿತ್ತು. ನನ್ನ ಎರಡು ಕಿಲೋಮೀಟರ್ ಒಂದು ಕಬ್ಬಿಣದ ಗೇಟಿನ ಬಳಿ ಮುಗಿಯುತ್ತಿತ್ತು. ಗೇಟಿನ ಆಚೆ ಮೂರು ಹಸುಗಳಿದ್ದವು. ದಿನಾ ಹೋಗಿ ಅವುಗಳ ಮುಖ ನೋಡಿ ಹಿಂದಿರುಗುತ್ತಿದ್ದೆ. ದಾರಿಯಲ್ಲಿ ಬರುವ ಕಾರಿನವರು ಸ್ಟೀರಿಂಗಿನ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಿದ್ದರು. ಮೊದಲ ವಾರ ನಾನೇನೋ ತಪ್ಪು ಮಾಡಿದ್ದೇನೆ, ಎಚ್ಚರಿಸುತ್ತಿದ್ದಾರೆ ಎಂದುಕೊಂಡೆ. ನಮಸ್ಕಾರ ಅದು ಎಂದು ಗಿರಿಜಾ ಹೇಳಿದಳು. ಗುರುತಿಲ್ಲದವರಿಗೆ ಯಾಕೆ ನಮಸ್ಕಾರ ಎಂದು ಕೇಳಿದ್ದಕ್ಕೆ, ಗುರುತಿದ್ದರೆ ಕಾರು ನಿಲ್ಲಿಸಿ ಅರ್ಧ ಗಂಟೆ ಮಾತಾಡುತ್ತಾರೆ, ಅದಕ್ಕಿಂತ ಇದು ವಾಸಿ ಎಂದಳು. ಎರಡು ತಿಂಗಳಾದ ಮೇಲೆ ನಾನೂ ಬೆರಳೆತ್ತತೊಡಗಿದೆ. ಹಸುಗಳಿಗೂ ಎತ್ತುತ್ತಿದ್ದೆ.

ಆ ಜನರಲ್ಲಿ ಇನ್ನೊಂದು ಅಭ್ಯಾಸವಿದೆ, ಅದನ್ನು ಈಗಲೇ ಹೇಳಿಬಿಡಬೇಕು. ತನಗೆ ಯಾವುದಾದರೂ ಕೆಲಸ ಚೆನ್ನಾಗಿ ಬರುತ್ತದೆ ಎಂದು ಅಲ್ಲಿ ಯಾರೂ ಒಪ್ಪುವುದಿಲ್ಲ. ಗಿರಿಜೆಯ ಮನೆಯ ಮಾಲೀಕರು ಡೋನಲ್, ಎಪ್ಪತ್ತನಾಲ್ಕು ವರ್ಷ, ಹೆಂಡತಿ ತೀರಿಕೊಂಡವರು, ಪಕ್ಕದ ಮನೆಯಲ್ಲೇ ವಾಸ. ಚಿಕ್ಕಂದಿನಲ್ಲಿ ತಾನೂ ಕೋಲು ಹಿಡಿದು ಚೆಂಡಿಗೆ ಸ್ವಲ್ಪ ಹೊಡೆಯುತ್ತಿದ್ದೆ ಎಂದು ಒಮ್ಮೆ ಹೇಳಿದರು. ಅವರ ಮನೆಯ ಕಿಟಕಿಯಿಂದ ನೋಡಿದರೆ ಬೀರುವಿನ ತುಂಬ ಆ ಆಟದ ಪದಕಗಳಿದ್ದವು. ಬ್ರೆಡ್ಡು ಸರಿಯಾಗಿ ಬಂದಿಲ್ಲ, ಕೋಳಿಗೆ ಹಾಕಿ ಎಂದು ಒಬ್ಬ ಹೆಂಗಸು ಗೇಟಿನ ಬಳಿ ಇಟ್ಟುಹೋದ ಬ್ರೆಡ್ಡಿನಂಥದ್ದನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ.

“ಇಲ್ಲಿ ಯಾರಾದ್ರೂ ನಂಗೇನೂ ಬರಲ್ಲ ಅಂದ್ರೆ ಅವರಿಗೇ ಕೆಲಸ ಕೊಡ್ಬೇಕು ಅಣ್ಣ,” ಎಂದಳು ಗಿರಿಜಾ. “ಚೆನ್ನಾಗಿ ಬರುತ್ತೆ ಅಂದೋರನ್ನ ಒಳಗೇ ಬಿಟ್ಕೋಬಾರ್ದು.”

ನಮ್ಮಲ್ಲಿ ಹೀಗಿದ್ದರೆ ಅರ್ಧ ಮೈಸೂರು ಉಪವಾಸ ಬೀಳುತ್ತದೆ.

ಡೋನಲ್ ಅವರ ಶೆಡ್ಡು

ಎಪ್ಪತ್ತು ದಾಟಿದವರು ಮನೆ ಬಿಟ್ಟು ಹೊರಗೆ ಬರಕೂಡದು ಎಂದಿದ್ದ ತಿಂಗಳುಗಳಲ್ಲಿ ಗಿರಿಜಾ ಡೋನಲ್ ಅವರಿಗೆ ಸಾಮಾನು ತಂದು ಗೋಡೆಯ ಮೇಲಿಡುತ್ತಿದ್ದಳು. ಅವರು ಆ ಕಡೆಯಿಂದ ಆಲೂಗಡ್ಡೆ ಇಡುತ್ತಿದ್ದರು. ಗೋಡೆಯ ಎರಡು ಕಡೆ ನಿಂತು ಮಾತು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವರ ಇಂಗ್ಲಿಷಂತೂ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಮಾತಾಡಿದ ಹಾಗೆ. ಗಿರಿಜಾ ಹೇಳಿದಾಗ ನಗುತ್ತಿದ್ದೆ, ಅವಳು ತಲೆ ಅಲ್ಲಾಡಿಸಿದಾಗ ಅಲ್ಲಾಡಿಸುತ್ತಿದ್ದೆ.

ಜುಲೈನಲ್ಲಿ ಒಂದು ದಿನ ಲಿಮೆರಿಕ್‌ನಿಂದ ಒಂದು ವ್ಯಾನು ಬಂತು. ಅದರಿಂದ ಇಳಿದವನು ಬಟ್ಟೆ ಸುತ್ತಿದ ದೊಡ್ಡದೊಂದು ವಸ್ತುವನ್ನು ಡೋನಲ್ ಅವರ ಗೇಟಿನ ಬಳಿ ಇಟ್ಟು, ಬಟ್ಟೆ ತೆಗೆದು, ದೂರ ಸರಿದು ನಿಂತ. ಹಿಂದಿನ ವರ್ಷ ಶರತ್ಕಾಲದಲ್ಲಿ ಡೋನಲ್ ಹೊಡೆದ ಗಂಡು ಜಿಂಕೆಯ ತಲೆ ಅದು. ಅಲ್ಲಿ ಲೈಸೆನ್ಸ್ ಇದ್ದವರು ಹೊಡೆಯಬಹುದು. ಕೊಂಬು ನಮ್ಮ ಕಡವೆಯ ಹಾಗೆ ಕವಲಲ್ಲ, ಅಂಗೈ ಬಿಚ್ಚಿ ಎತ್ತಿ ಹಿಡಿದ ಹಾಗೆ ಅಗಲ. ಕಣ್ಣು ಮಂಜಾಗುತ್ತಿದೆ, ಇನ್ನು ಬಂದೂಕು ಮುಟ್ಟುವುದಿಲ್ಲ, ಇದೇ ಕೊನೆಯದು ಎಂದು ಡೋನಲ್ ಅದನ್ನು ಗೋಡೆಗೆ ಹಾಕಿಕೊಳ್ಳುವ ಹಾಗೆ ಮಾಡಿಕೊಡಲು ಇವನಿಗೆ ಕೊಟ್ಟಿದ್ದರು. ಒಂಬತ್ತು ತಿಂಗಳು ಕಾದಿದ್ದರು.

ನಾನು ಗೋಡೆಯ ಈಚೆಯಿಂದ ನೋಡಿದೆ. ಜಿಂಕೆಯ ಬಲಗಣ್ಣು ರಸ್ತೆ ನೋಡುತ್ತಿತ್ತು. ಎಡಗಣ್ಣು ಸ್ವಲ್ಪ ಚಿಕ್ಕದು, ಆಕಾಶ ನೋಡುತ್ತಿತ್ತು. ತುಟಿ ಸ್ವಲ್ಪ ತೆರೆದು ನಕ್ಕ ಹಾಗಿತ್ತು. ಕುತ್ತಿಗೆಯಲ್ಲಿ ಗಂಟುಗಂಟು. ಒಟ್ಟಿನಲ್ಲಿ, ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳುತ್ತಿರುವವರ ಮುಖ.

ಮೈಸೂರಾಗಿದ್ದರೆ ಆ ವ್ಯಾನು ಅಲ್ಲಿಂದ ಹೊರಡುತ್ತಿರಲಿಲ್ಲ. ಬೀದಿಯವರೆಲ್ಲ ಸೇರಿ, ಜಿಂಕೆಯನ್ನು ಕಂಡೇ ಇರದವರೂ ನ್ಯಾಯ ಹೇಳುತ್ತಿದ್ದರು. ಡೋನಲ್ “ಗ್ರ್ಯಾಂಡ್, ಗ್ರ್ಯಾಂಡ್” ಎಂದರು, ಚೆನ್ನಾಗಿದೆ ಎನ್ನಲು ಅಲ್ಲಿ ಹೇಳುವುದು ಹಾಗೆ. ಹತ್ತು ಸಲ ಥ್ಯಾಂಕ್ಸ್ ಹೇಳಿದರು. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಎತ್ತಿ ನಿಂತರು. ಆಮೇಲೆ ತಲೆಯನ್ನು ಎತ್ತಿಕೊಂಡು ಹೋಗಿ ಶೆಡ್ಡಿನಲ್ಲಿಟ್ಟು ಮೇಲೊಂದು ಬೆಡ್‌ಶೀಟ್ ಮುಚ್ಚಿದರು.

ನಾಲ್ಕು ದಿನ ಅವರು ಜಿಂಕೆಯ ಮಾತೆತ್ತಲಿಲ್ಲ. ಐದನೆಯ ದಿನ ಗಿರಿಜೆಯ ಹತ್ತಿರ ಹೇಳಿದರು. ಅವಳು ನನಗೆ ಕನ್ನಡದಲ್ಲಿ ಹೇಳಿದ್ದು ಇಷ್ಟು: ಅದನ್ನ ಕೊಂದಿದ್ದು ನಾನೇ, ಆದ್ರೆ ಅವಮಾನ ಮಾಡೋಕೆ ಕೊಂದಿರ್ಲಿಲ್ಲ. ಶೆಡ್ಡಿಗೆ ಹೋದಾಗಲೆಲ್ಲ ಅವರು ಅದಕ್ಕೆ ಸಾರಿ ಹೇಳಿ ಬರುತ್ತಿದ್ದರಂತೆ. ಮಾಡಿದವನಿಗೆ ಫೋನು ಮಾಡಿ ಕೇಳಿ ಎಂದರೆ, ಅಯ್ಯೋ, ಅವನಿಗೆ ಬೇಜಾರಾಗುತ್ತದೆ ಎಂದರಂತೆ.

ಆಗ ನನ್ನ ತಂಗಿ ಗೋಡೆಯ ಮೇಲೆ ಕೈಯೂರಿ ಉತ್ಸಾಹದಿಂದ ಏನೋ ಹೇಳತೊಡಗಿದಳು. ಹವಾಮಾನವಿರಬೇಕು ಎಂದುಕೊಂಡು ನಾನು ನಗುತ್ತ ನಿಂತಿದ್ದೆ. “ಟೈಗರ್” ಎಂಬ ಮಾತು ಕಿವಿಗೆ ಬಿತ್ತು. ಡೋನಲ್ ನನ್ನ ಕಡೆ ತಿರುಗಿ ಟೋಪಿ ತೆಗೆದರು.

“ನೀನು ಹುಲಿ ಕಾರ್ಖಾನೆಲಿ ಇಪ್ಪತ್ತು ವರ್ಷ ಇದ್ದೆ ಅಂತ ಹೇಳ್ದೆ,” ಎಂದಳು ಗಿರಿಜಾ. “ಒಂದ್ಸಲ ನೋಡ್ತೀಯಾ ಅಂತ ಕೇಳ್ತಿದಾರೆ.”

ಇಲ್ಲ ಎನ್ನಲು ಅದು ಒಳ್ಳೆಯ ಸಮಯವಾಗಿತ್ತು. ನಾನು “ನೋಡೋಣ” ಎಂದೆ.

ಶೆಡ್ಡಿನಲ್ಲಿ ಕಾರ್ಖಾನೆಯ ಮೇಸ್ತ್ರಿ ಮಾಡುತ್ತಿದ್ದುದನ್ನೇ ಮಾಡಿದೆ. ಅವರು ಯಾವ ಪ್ರಾಣಿಯ ಮುಂದೆಯೂ ಮೊದಲು ಕೈ ಹಿಂದೆ ಕಟ್ಟಿಕೊಂಡು ಐದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಕತ್ತು ಒಂದು ಕಡೆ ಓಲಿಸುತ್ತಿದ್ದರು. ಆಮೇಲೆ “ಹೂಂ” ಎನ್ನುತ್ತಿದ್ದರು. ನಾನೂ ಕೈ ಕಟ್ಟಿ, ಕತ್ತು ಓಲಿಸಿ, ಹೂಂ ಎಂದೆ. ಡೋನಲ್ ಉಸಿರು ಬಿಟ್ಟರು. ಮಾರನೆಯ ವಾರ ಮೂವರೂ ಲಿಮೆರಿಕ್ಕಿಗೆ ಹೋಗುವುದು, ಆ ದಾರಿಯಲ್ಲಿ ಏನೋ ಕೆಲಸವಿತ್ತು, ಹಾಗೇ ಬಂದೆವು ಎಂದು ಹೇಳುವುದು, ತಪ್ಪೇನೆಂದು ನಾನು ಹೇಳುವುದು ಎಂದು ತೀರ್ಮಾನವಾಯಿತು.

ಮೈಸೂರು, ಸ್ವಲ್ಪ ಹೊತ್ತು

ಈಗ ನಿಜ ಹೇಳಬೇಕು.

ನಾನು ಓದಿದ್ದು ಏಳನೆಯ ತರಗತಿಯವರೆಗೆ, ಅದನ್ನೂ ಪಾಸು ಮಾಡಲಿಲ್ಲ. ಹದಿನಾಲ್ಕಕ್ಕೆ ಹುಲಿ ಕಾರ್ಖಾನೆಗೆ ಸೇರಿದೆ. ಬೇಟೆಯ ಪ್ರಾಣಿಗಳ ಚರ್ಮವನ್ನು ಹದ ಮಾಡಿ, ಅಚ್ಚಿನ ಮೇಲೆ ಕೂರಿಸಿ, ಜೀವ ಬಂದ ಹಾಗೆ ನಿಲ್ಲಿಸುತ್ತಿದ್ದ ಜಾಗಕ್ಕೆ ನಮ್ಮ ಬೀದಿಯವರು ಇಟ್ಟ ಹೆಸರು ಅದು. ನಾನು ಸೇರುವ ಹೊತ್ತಿಗೆ ಬೇಟೆ ನಿಂತುಹೋಗಿತ್ತು. ಬರುತ್ತಿದ್ದುದು ಹಳೆಯ ಮಾಲು, ಮೃಗಾಲಯದಲ್ಲಿ ಸತ್ತದ್ದು. ಒಳಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಕಣ್ಣಿಡುವವರು ಒಬ್ಬರು, ನಾಲಿಗೆ ಮಾಡುವವರು ಒಬ್ಬರು, ಕಿವಿ ಕೂರಿಸುವವರು ಇನ್ನೊಬ್ಬರು. ಹಿತ್ತಲಲ್ಲಿ ಚರ್ಮ ಒಣಗಲು ಹಾಕುತ್ತಿದ್ದರು. ಅಲ್ಲಿ ಕಾಗೆ ಬರುತ್ತಿತ್ತು. ಕಾಗೆ ಓಡಿಸಲು ಕೋಲು ಹಿಡಿದು ಒಬ್ಬ ಕೂರಬೇಕಿತ್ತು. ಆ ಒಬ್ಬ ನಾನು.

ಹನ್ನೊಂದು ತಿಂಗಳು ಕಾಗೆ ಓಡಿಸಿದೆ. ಒಂದು ಮಧ್ಯಾಹ್ನ ಮುದ್ದೆ ಬಸ್ಸಾರು ಉಂಡು ಕೂತವನಿಗೆ ನಿದ್ದೆ ಹತ್ತಿತು. ಎದ್ದಾಗ ಕಾಗೆ ಒಂದೂ ಇರಲಿಲ್ಲ. ಚಿರತೆಯ ಒಂದು ಕಿವಿಯೂ ಇರಲಿಲ್ಲ. ನಾಯಿ ಒಯ್ದಿತ್ತು. ಆವತ್ತೇ ಸಂಜೆ ನನ್ನನ್ನು ಹೊರಗೆ ಹಾಕಿದರು.

ಬೀದಿಯ ಮೂಲೆಯಲ್ಲಿ ಗಿರಿಜಾ ಕಾಯುತ್ತಿದ್ದಳು. ಆಗ ಅವಳಿಗೆ ಏಳು ವರ್ಷ. ದಿನಾ ಕಾಯುತ್ತಿದ್ದಳು, ಹುಲಿಯ ಸುದ್ದಿ ಕೇಳಲು. ನಾನು ಒಳಗಿನವರ ಕೆಲಸವನ್ನೆಲ್ಲ ನನ್ನದೇ ಎಂದು ಹೇಳುವುದು ಮೊದಲಿನಿಂದಲೂ ಇತ್ತು. ಇವತ್ತು ಕಣ್ಣು ಇಟ್ಟೆಯಾ ಅಣ್ಣ ಎಂದು ಕೇಳಿದಳು. ಇಟ್ಟೆ ಎಂದೆ. ಕೆಲಸ ಹೋದ ದಿನ ನಾನು ಹೇಳಿದ್ದು ಅಷ್ಟೇ.

ಮಾರನೆಯ ದಿನವೂ ಅಮ್ಮ ಊಟದ ಡಬ್ಬಿ ಕಟ್ಟಿಕೊಟ್ಟಳು. ತೆಗೆದುಕೊಂಡು ಹೋಗಿ ಒಂದು ಹಾಸಿಗೆ ಅಂಗಡಿಗೆ ಸೇರಿಕೊಂಡೆ. ಹತ್ತಿ ಹಿಂಜುವುದು, ತುಂಬುವುದು, ಉದ್ದ ಸೂಜಿಯಲ್ಲಿ ಹೊಲಿಯುವುದು. ಅದೇ ನನ್ನ ಜೀವನದ ಕೆಲಸ. ತಲೆಗೂದಲಲ್ಲಿ ಹತ್ತಿ ಯಾಕೆ ಎಂದು ಕೇಳಿದವರಿಗೆ ಹುಲಿಯ ಹೊಟ್ಟೆಗೆ ಹತ್ತಿ ತುಂಬುತ್ತೇವೆ ಎನ್ನುತ್ತಿದ್ದೆ. ಅಲ್ಲಿ ತುಂಬುತ್ತಿದ್ದುದು ಹತ್ತಿಯಲ್ಲ. ಇಪ್ಪತ್ತು ವರ್ಷದ ಮೇಲೆ ಆ ಕಾರ್ಖಾನೆಯೇ ಮುಚ್ಚಿತು. ಆಗ ಮನೆಯಲ್ಲಿ ನನ್ನ ಕೆಲಸ ಹೋಯಿತು, ಇನ್ನು ಹಾಸಿಗೆ ಮಾಡುತ್ತೇನೆ ಎಂದು ಹೇಳಿದೆ. ಹೋಗಿಯೇ ಇಪ್ಪತ್ತು ವರ್ಷವಾಗಿದ್ದ ಕೆಲಸಕ್ಕೆ ನೆಂಟರೆಲ್ಲ ಬಂದು ಸಮಾಧಾನ ಹೇಳಿದರು. ಆಗ ದೆಹಲಿಯ ಆಸ್ಪತ್ರೆಯಲ್ಲಿದ್ದ ಗಿರಿಜಾ ನಾಲ್ಕು ಪುಟದ ಕಾಗದ ಬರೆದಳು. ನಿನ್ನ ಕೈಯಲ್ಲಿರುವ ವಿದ್ಯೆಯನ್ನು ಯಾರೂ ಕಿತ್ತುಕೊಳ್ಳಲಾರರು ಎಂದು ಅದರಲ್ಲಿತ್ತು. ಆ ಕಾಗದವನ್ನು ನಾನು ಎರಡನೆಯ ಸಲ ಓದಿಲ್ಲ.

ದಾರಿಯಲ್ಲಿ

ದೂರ ಕಾಪಾಡಬೇಕಾದ ಕಾಲವಾದ್ದರಿಂದ ಡೋನಲ್ ತಮ್ಮ ಕಾರಿನಲ್ಲಿ ಹೋದರು, ನಾವು ನಮ್ಮ ಕಾರಿನಲ್ಲಿ ಹಿಂದೆ. ಕೊಂಬು ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಹಾಗಾಗಿ ಜಿಂಕೆ ಅವರ ಪಕ್ಕ ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತಿತ್ತು. ಎದುರಿನಿಂದ ಬಂದ ಒಂದು ಟ್ರ್ಯಾಕ್ಟರಿನವನು ಡೋನಲ್ ಅವರಿಗೆ ಒಂದು ಬೆರಳು ಎತ್ತಿದ. ಸ್ವಲ್ಪ ಯೋಚಿಸಿ ಜಿಂಕೆಗೂ ಒಂದು ಎತ್ತಿದ. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಮುದುಕಿ ಕಾರಿನ ಗಾಜಿನ ಬಳಿ ಬಂದು, ಜಿಂಕೆಯನ್ನು ನೋಡಿ, ಡೋನಲ್ ಅವರನ್ನು ನೋಡಿ, ಇವತ್ತು ಮಳೆ ಬರಲಿಕ್ಕಿಲ್ಲ ಎಂದು ಹೇಳಿ ಹೋದಳಂತೆ. ಜಿಂಕೆಯ ಬಗ್ಗೆ ಕೇಳುವುದು ಅಲ್ಲಿ ಮರ್ಯಾದೆಯಲ್ಲ.

ಗಿರಿಜಾ ಬಹಳ ಖುಷಿಯಲ್ಲಿದ್ದಳು. ಆ ನಾಲ್ಕು ತಿಂಗಳು ಆಸ್ಪತ್ರೆಯಲ್ಲಿ ಏನೇನು ನೋಡಿದ್ದಳೋ, ನನಗೆ ಹೇಳುತ್ತಿರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದಳು. ಅವಳು ನಕ್ಕದ್ದನ್ನು ಬಹಳ ದಿನದ ಮೇಲೆ ನೋಡಿದೆ. ಅದಕ್ಕೇ ಬಾಯಿ ಬಿಡಲಾಗಲಿಲ್ಲ ಎಂದು ಹೇಳಬಹುದು. ಆದರೆ ಅದಕ್ಕೆ ಮೊದಲು ನಲವತ್ತು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂಬುದಕ್ಕೆ ಅದು ಉತ್ತರವಲ್ಲ.

“ಮ್ಯೂಸಿಯಂ ಕರಡಿ ನೆನಪಿದ್ಯಾ ಅಣ್ಣ?” ಎಂದಳು.

ನೆನಪಿತ್ತು. ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ನಿಂತಿದ್ದ ಕರಡಿಯನ್ನು ತೋರಿಸಿ ಇದನ್ನು ಮಾಡಿದ್ದು ನಮ್ಮಣ್ಣ ಎಂದು ಇವಳು ಹೇಳಿದ್ದಳು. ಸುಳ್ಳು ಹೇಳಬೇಡ ಎಂದರು ಮಿಸ್ಸು. ಇವಳು ಬಿಡಲಿಲ್ಲ. ಕ್ಷಮೆ ಕೇಳುವವರೆಗೆ ತರಗತಿಯ ಹೊರಗೆ ನಿಲ್ಲು ಎಂದರು. ಮೂರು ದಿನ ನಿಂತಳು.

“ಕೊನೆಗೂ ಕೇಳ್ಲಿಲ್ಲ ನೋಡು ನಾನು,” ಎಂದು ನಕ್ಕಳು. “ಮಿಸ್ಸಿಗೇ ಸಾಕಾಗಿ ಒಳಗೆ ಕರ್ದ್ರು. ನಮ್ಮಣ್ಣ ಸುಳ್ಳು ಹೇಳಲ್ಲ ಅಂದೆ.”

ಅವಳು ಹೇಳದೆ ಬಿಟ್ಟದ್ದು ಒಂದಿದೆ, ಪ್ರಾಯಶಃ ಅವಳಿಗೆ ಮರೆತಿತ್ತು. ಮೊದಲನೆಯ ದಿನ ಸಂಜೆ ಅವಳು ಬಂದು ಅಳುತ್ತ ಕೇಳಿದ್ದಳು: ಆ ಕರಡಿ ನೀನೇ ಮಾಡಿದ್ದು ತಾನೇ? ಇಲ್ಲ ಎಂದಿದ್ದರೆ ಎರಡನೆಯ ದಿನ ಅವಳು ಹೊರಗೆ ನಿಲ್ಲಬೇಕಿರಲಿಲ್ಲ. ನಾನು, “ನಿಮ್ಮ ಮಿಸ್ಸಿಗೇನು ಗೊತ್ತು” ಎಂದಿದ್ದೆ.

ಲಿಮೆರಿಕ್: ಮೊದಲು ಟೀ

ಜಿಂಕೆ ಮಾಡಿದವನ ಹೆಸರು ಕೀರನ್. ನಲವತ್ತೈದರ ಆಸುಪಾಸು. ಲಿಮೆರಿಕ್‌ನ ಹೊರಗೆ, ಒಂದೇ ಥರದ ಮನೆಗಳು ಸಾಲಾಗಿರುವ ಬಡಾವಣೆಯಲ್ಲಿ, ಮನೆಯ ಗ್ಯಾರೇಜೇ ಅವನ ಕೆಲಸದ ಜಾಗ. ಬಾಗಿಲು ತೆರೆದಿಟ್ಟು ಹೊರಗೆ ನಾಲ್ಕು ಕುರ್ಚಿಗಳನ್ನು ದೂರ ದೂರ ಹಾಕಿದ. ಟೀ ಕೊಟ್ಟ. ಡೋನಲ್ ಬೇಡ ಎಂದರು. ಅವನು ಮತ್ತೆ ಕೇಳಿದ. ಅವರು ಮತ್ತೆ ಬೇಡ ಎಂದರು. ಮೂರನೆಯ ಸಲ ಕೇಳಿದಾಗ ತೆಗೆದುಕೊಂಡರು. ನಾನು ಮೊದಲನೆಯ ಸಲಕ್ಕೇ ತೆಗೆದುಕೊಂಡುಬಿಟ್ಟಿದ್ದೆ. ಗಿರಿಜಾ ನನ್ನ ಕಡೆ ಕಣ್ಣು ಬಿಟ್ಟಳು.

ಜಿಂಕೆ ಕಾರಿನ ಮುಂದಿನ ಸೀಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತಿತ್ತು. ಮುಕ್ಕಾಲು ಗಂಟೆ ಯಾರೂ ಅದರ ಮಾತೆತ್ತಲಿಲ್ಲ. ಮಳೆಯ ಬಗ್ಗೆ ಮಾತಾಡಿದರು, ಗಿರಿಜಾ ನನಗೆ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದಳು. ರಸ್ತೆಯ ಬಗ್ಗೆ ಮಾತಾಡಿದರು. ಯಾರದೋ ಸಾವಿಗೆ ಹತ್ತೇ ಜನ ಹೋಗಲಾದದ್ದರ ಬಗ್ಗೆ ಮಾತಾಡಿದರು. ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಕೊಳೆತ ಬದನೆಕಾಯಿ ವಾಪಸು ಕೊಡಲು ಹೋಗುವವರು ಬೀದಿಯ ತುದಿಯಿಂದಲೇ ಜಗಳ ಶುರು ಮಾಡಿಕೊಂಡು ಹೋಗುತ್ತಾರೆ, ಅಂಗಡಿ ತಲುಪುವಾಗ ಅರ್ಧ ಮುಗಿದಿರುತ್ತದೆ. ಇಲ್ಲಿ ಸತ್ತ ಜಿಂಕೆಯೂ ಸೇರಿ ಐದು ಜನ ತಾಳ್ಮೆಯಿಂದ ಕೂತಿದ್ದೆವು.

ಕೊನೆಗೆ ಡೋನಲ್ ಕಪ್ಪು ಕೆಳಗಿಟ್ಟು, ಎಡಗಣ್ಣು ಸ್ವಲ್ಪ, ಬಹುಶಃ, ತನ್ನ ಕಣ್ಣೇ ಸರಿಯಿಲ್ಲವೋ ಏನೋ ಎಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ ಎಂದ ಕೀರನ್. ಜಗಳ ಮುಗಿಯಿತು. ಆಮೇಲೆ ಅವನು ತಲೆ ತಗ್ಗಿಸಿ ಹೇಳಿದ: ಗಾಜಿನ ಕಣ್ಣು ಹೊರದೇಶದಿಂದ ಬರಬೇಕು, ಲಾಕ್‌ಡೌನಿನಲ್ಲಿ ಪಾರ್ಸೆಲ್ ಬರಲಿಲ್ಲ, ಕೈಯಲ್ಲಿ ಒಂದೇ ಇತ್ತು, ಇನ್ನೊಂದಕ್ಕೆ ಬೇರೆ ಜಾತಿಯ ಚಿಕ್ಕ ಜಿಂಕೆಯದನ್ನು ಹಾಕಿದೆ. ಕುತ್ತಿಗೆಯ ಅಚ್ಚೂ ಬರಲಿಲ್ಲ, ಇದ್ದುದಕ್ಕೇ ಮೆತ್ತಿದೆ. ಡೋನಲ್ ಒಂಬತ್ತು ತಿಂಗಳು ಕಾದಿದ್ದಾರೆ, ಇನ್ನೂ ಕಾಯಿಸುವುದು ಹೇಗೆ ಎಂದು ತಂದುಕೊಟ್ಟೆ. ಆವತ್ತಿನಿಂದ ನನಗೂ ಸರಿಯಾಗಿ ನಿದ್ದೆಯಿಲ್ಲ.

ಇನ್ನು ನನ್ನ ಅಗತ್ಯವೇ ಇರಲಿಲ್ಲ. ನಾನು ಸಮಾಧಾನದಿಂದ ಎರಡನೆಯ ಟೀ ಕುಡಿಯುತ್ತಿದ್ದೆ. ಅಷ್ಟರಲ್ಲಿ ಡೋನಲ್ ನನ್ನ ಕಡೆ ಕೈ ತೋರಿಸಿ ನಾನು ಯಾರು ಎಂದು ಅವನಿಗೆ ಹೇಳಿದರು.

ಲಿಮೆರಿಕ್: ಚಿರತೆ

ಕೀರನ್ ಎದ್ದು ನಿಂತ. ಮೈಸೂರು ಎಂದು ಎರಡು ಸಲ ಹೇಳಿಕೊಂಡ. ಗ್ಯಾರೇಜಿನ ಒಳಗೆ ಹೋಗಿ, ಹಳೆಯ ಟವೆಲಿನಲ್ಲಿ ಸುತ್ತಿದ್ದ ಏನನ್ನೋ ಮಗುವನ್ನು ತರುವ ಹಾಗೆ ಎರಡೂ ಕೈಯಲ್ಲಿ ತಂದ. ಚಿರತೆಯ ತಲೆ. ಬಾಯಿ ತೆರೆದು ಗುರುಗುಟ್ಟುತ್ತಿತ್ತು. ಯಾವುದೋ ದೊಡ್ಡ ಮನೆಯ ಹಳೆಯ ಸಾಮಾನಿನ ಜೊತೆ ಅವನಿಗೆ ಸಿಕ್ಕಿತ್ತಂತೆ. ಹಿಂದೆ ಮರದ ಹಲಗೆಯ ಮೇಲೆ ಮೈಸೂರು ಎಂದು ಇಂಗ್ಲಿಷಿನಲ್ಲಿ ಬರೆದಿದ್ದದ್ದು ನನಗೂ ಓದಲು ಬಂತು.

ಈ ಕೆಲಸ ಕಲಿಯಲು ಶುರು ಮಾಡಿದ ದಿನದಿಂದ ಇದನ್ನು ಮುಂದಿಟ್ಟುಕೊಂಡೇ ಕೂತಿದ್ದೇನೆ ಎಂದ ಕೀರನ್. ನೂರು ವರ್ಷವಾದರೂ ಕಿವಿಯ ಚರ್ಮ ಒಂದಿಷ್ಟೂ ಬಿಟ್ಟಿಲ್ಲ, ಹೇಗೆ ಕೂರಿಸುತ್ತಿದ್ದಿರಿ, ಅದೊಂದು ಹೇಳಿಕೊಟ್ಟರೆ ಸಾಕು ಎಂದ. ಚಿರತೆಯನ್ನು ಮೇಜಿನ ಮೇಲಿಟ್ಟು ದೂರ ಸರಿದು, ಹತ್ತಿರ ಬನ್ನಿ ಎಂದು ಕೈ ತೋರಿಸಿದ. ಗಿರಿಜಾ ನನ್ನ ಕಡೆ ನೋಡಿದಳು. ಅವಳ ಮುಖ ನಾಲ್ಕನೆಯ ತರಗತಿಯ ಹುಡುಗಿಯದಾಗಿತ್ತು.

ನಾನು ಹೋಗಿ ಕಿವಿ ಮುಟ್ಟಿದೆ. ಎರಡೂ ಕಿವಿ ಇದ್ದವು. ಹೂಂ ಎನ್ನಬಹುದಿತ್ತು. ಅದು ಗುಟ್ಟು, ಹೇಳುವ ಹಾಗಿಲ್ಲ ಎಂದರೂ ನಡೆಯುತ್ತಿತ್ತು, ಇನ್ನೂ ಹೆಚ್ಚು ಗೌರವ ಸಿಗುತ್ತಿತ್ತು. ಆದರೆ ನನಗಿಂತ ಹತ್ತು ಪಾಲು ಕೆಲಸ ಬಲ್ಲವನೊಬ್ಬ ಒಂದು ಕಣ್ಣು ತಪ್ಪಾದದ್ದಕ್ಕೆ ಆಗತಾನೇ ಎಲ್ಲರೆದುರು ತಲೆ ತಗ್ಗಿಸಿದ್ದ.

“ಗಿರಿಜಾ, ನಾನು ಹೇಳಿದ್ದನ್ನ ಹಾಗೇ ಇವರಿಗೆ ಹೇಳು,” ಎಂದೆ. “ನಾನು ಒಂದು ಪ್ರಾಣಿನೂ ಮಾಡಿಲ್ಲ. ಹನ್ನೊಂದು ತಿಂಗಳು ಇದ್ದೆ. ಚರ್ಮ ಒಣಗೋ ಕಡೆ ಕೂತು ಕಾಗೆ ಓಡಿಸ್ತಿದ್ದೆ. ನಿದ್ದೆ ಹೋದೆ, ನಾಯಿ ಬಂದು ಚಿರತೆ ಕಿವಿ ಕಚ್ಕೊಂಡು ಹೋಯ್ತು. ಹೊರಗೆ ಹಾಕಿದ್ರು. ಆಮೇಲೆ ಹಾಸಿಗೆ ಹೊಲ್ದೆ.”

ಅವಳು ತಮಾಷೆ ಎಂದುಕೊಂಡು ನಗಲು ಹೊರಟಳು. ನನ್ನ ಮುಖ ನೋಡಿ ನಿಲ್ಲಿಸಿದಳು.

“ಇದನ್ನ ಹೇಳ್ಬೇಕಾ?”

“ಹೇಳು.”

ಅವಳು ಹೇಳಿದಳು. ನಿಧಾನವಾಗಿ, ಆಸ್ಪತ್ರೆಯಲ್ಲಿ ಯಾರದೋ ರಿಪೋರ್ಟ್ ಓದಿದ ಹಾಗೆ. ಕಾಗೆ, ನಾಯಿ, ನಿದ್ದೆ, 'ಇಲೆವೆನ್ ಮಂತ್ಸ್' ಎಲ್ಲವೂ ನನಗೆ ಅರ್ಥವಾಯಿತು. ಏನನ್ನೂ ಬಿಡಲಿಲ್ಲ. ಡೋನಲ್ ಮತ್ತು ಕೀರನ್ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಮೆಲ್ಲಗೆ, ಬಹಳ ಪ್ರೀತಿಯಿಂದ ನಕ್ಕರು. ಡೋನಲ್ ತೊಡೆ ತಟ್ಟಿಕೊಂಡರು.

“ನಂಬ್ತಿಲ್ಲ ಇವರು,” ಎಂದಳು ಗಿರಿಜಾ. ನನ್ನ ಕಡೆ ನೋಡಲಿಲ್ಲ. “ನಿಜವಾದ ಉಸ್ತಾದ್ ಅಂದ್ರೆ ಹಿಂಗೇ ಇರ್ತಾನಂತೆ. ಬರೀ ಕಾಗೆ ಓಡಿಸ್ದೆ ಅಂತಾನೆ, ಎಂಥ ಮನುಷ್ಯ ಅಂತ ಡೋನಲ್ ಹೇಳ್ತಿದಾರೆ.”

ನಾನು ಇಂಗ್ಲಿಷಿನಲ್ಲೇ “ನೋ, ನೋ, ಓನ್ಲಿ ಕ್ರೋ” ಎಂದೆ. ಕೀರನ್‌ನ ಕಣ್ಣು ತೇವವಾಯಿತು. ನಲವತ್ತು ವರ್ಷ ಸುಳ್ಳು ಹೇಳಿದಾಗಲೂ ನನಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಆಮೇಲೆ ಅವನು ಬಿಡಲಿಲ್ಲ, ಜಿಂಕೆಯನ್ನಾದರೂ ನೋಡಿ ಎಂದ. ನನಗೆ ಬರುವುದು ಒಂದೇ. ಕುತ್ತಿಗೆಯ ಹೊಲಿಗೆ ಬಿಚ್ಚಿಸಿದೆ. ಒಳಗೆ ಮೆತ್ತಿದ್ದನ್ನು ಹಾಸಿಗೆಯ ಮೂಲೆ ತುಂಬುವ ಹಾಗೆ ಬೆರಳಿನಿಂದ ಅಂಚಿನ ಕಡೆಗೆ ತಳ್ಳಿ ಸಮ ಮಾಡಿ, ಬಾಗಿದ ಸೂಜಿಯಲ್ಲಿ ಗಂಟು ಒಳಗೆ ಹೋಗುವಂತೆ ಮತ್ತೆ ಹೊಲಿದೆ. ಕೀರನ್ ದೂರದಿಂದಲೇ ನೋಡುತ್ತ ಪುಸ್ತಕದಲ್ಲಿ ಬರೆದುಕೊಂಡ. ಕುತ್ತಿಗೆ ಚೆನ್ನಾಗಿಯೇ ಬಂತು. ಸರಿಯಾದ ಕಣ್ಣು ಆಗಸ್ಟಿನಲ್ಲಿ ಬಂದು ಕೂತಿತು. ನಗು ಮಾತ್ರ ಹೋಗಲಿಲ್ಲ, ಡೋನಲ್ ಅದಕ್ಕೆ ಹೊಂದಿಕೊಂಡರು. ಹೊರಡುವಾಗ ಚಿರತೆಯ ಪಕ್ಕ ನನ್ನನ್ನು ನಿಲ್ಲಿಸಿ ಒಂದು ಫೋಟೋ ತೆಗೆಯಲು ಕೀರನ್ ಗಿರಿಜೆಗೆ ಹೇಳಿದ. ಅದು ಈಗ ಅವನ ಗ್ಯಾರೇಜಿನ ಗೋಡೆಯ ಮೇಲಿದೆಯಂತೆ. ನಾನು ನಿಜ ಹೇಳಿದ್ದರ ನೆನಪಿಗೆ.

ವಾಪಸು

ಬರುವಾಗ ಗಿರಿಜಾ ರಸ್ತೆಯಿಂದ ಕಣ್ಣು ತೆಗೆಯದೆ ಕಾರು ಓಡಿಸಿದಳು. ಬೈದರೆ ಸಾಕಿತ್ತು ಎನ್ನಿಸಿತು. ಮುಂದೆ ಡೋನಲ್ ಅವರ ಕಾರಿನಲ್ಲಿ ಕೊಂಬು ಅಲ್ಲಾಡುತ್ತಿತ್ತು. ಕಾರಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ನಿನ್ನ ಹೊರಗೆ ಹಾಕಿದಾಗ ನಾನು ಎಷ್ಟನೇ ಕ್ಲಾಸು?”

“ಎರಡು.”

ಲೆಕ್ಕ ಹಾಕಲು ಅವಳಿಗೆ ಹೊತ್ತು ಬೇಕಾಗಲಿಲ್ಲ.

ಮನೆಗೆ ಬಂದಾಗ ಸಂಜೆ ಏಳಾದರೂ ಮಧ್ಯಾಹ್ನದಂಥ ಬಿಸಿಲು. ಅವಳು ಅಡುಗೆಮನೆಯ ಮೇಜಿನ ಬಳಿ ಕೂತು ಫೋನು ತೆಗೆದಳು. ಚಿರತೆಯ ಜೊತೆ ನಾನು ನಿಂತ ಫೋಟೋವನ್ನು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಕೆಳಗೆ ಕನ್ನಡದಲ್ಲಿ ಬರೆದಳು: ಅಣ್ಣ ಹುಲಿ ಕಾರ್ಖಾನೆಯಲ್ಲಿ ಯಾವ ಪ್ರಾಣಿಯನ್ನೂ ಮಾಡಿಲ್ಲವಂತೆ. ಕಾಗೆ ಓಡಿಸುತ್ತಿದ್ದನಂತೆ. ಕಳಿಸುವ ಮೊದಲು ನನಗೆ ತೋರಿಸಿದಳು. ನಾನು ತಲೆಯಾಡಿಸಿದೆ. ಎಲ್ಲರೆದುರು ಆಗಬೇಕಾದದ್ದು ಆಗಲಿ ಎಂದುಕೊಂಡೆ.

ಮೈಸೂರಿನಲ್ಲಿ ಆಗ ಮಲಗುವ ಹೊತ್ತು ಮೀರಿತ್ತು. ಆದರೂ ಎರಡು ನಿಮಿಷದಲ್ಲಿ ನನ್ನ ಹೆಂಡತಿ ಜಯಮ್ಮನ ದನಿ ಬಂತು. ಅವಳಿಗೆ ಬೆರಳಲ್ಲಿ ಬರೆಯಲು ಬೇಜಾರು, ಮಾತನ್ನೇ ಕಳಿಸುತ್ತಾಳೆ. ಗಿರಿಜಾ ಜೋರಾಗಿ ಕೇಳಿಸಿದಳು.

“ಅಯ್ಯೋ ಗಿರಿಜಾ, ಇದು ಈಗ ಗೊತ್ತಾಯ್ತಾ ನಿಂಗೆ? ಆ ಮೇಸ್ತ್ರಿ ಆವತ್ತೇ ಮನೆಗೆ ಬಂದು ಅತ್ತೆಗೆ ಹೇಳಿ ಹೋಗಿದ್ರಂತೆ. ಅತ್ತೆ ನನ್ನ ಮದ್ವೆ ಆದ ವರ್ಷಾನೇ ನಂಗೆ ಹೇಳಿದ್ರು. ಅವನಾಗೇ ಹೇಳ್ಲಿ, ನೀನು ಕೇಳ್ಬೇಡ ಅಂದಿದ್ರು. ನಮ್ಮ ಬೀದಿಗೆಲ್ಲಾ ಗೊತ್ತು.”

ನನಗೆ ನಾಚಿಕೆಯಾಗುವ ಮೊದಲು ಆಶ್ಚರ್ಯವಾಯಿತು. ಗೊತ್ತಿದ್ದೂ ಅಮ್ಮ ಅಷ್ಟು ವರ್ಷ ಡಬ್ಬಿ ಕಟ್ಟಿದ್ದಳು. ಕೆಲಸ ಹೋದದ್ದಕ್ಕೆ ಸಮಾಧಾನ ಹೇಳಲು ಬಂದ ನೆಂಟರು ಕಾಫಿ ಕುಡಿದು, ಮುಖ ಗಂಭೀರ ಮಾಡಿಕೊಂಡು ಹೋಗಿದ್ದರು. ನಾನು ಊರಿಗೆಲ್ಲ ನಾಟಕ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಊರು ನನಗೆ ತೋರಿಸುತ್ತಿತ್ತು.

ಗಿರಿಜಾ ಫೋನನ್ನು ಮಗುಚಿ ಮೇಜಿನ ಮೇಲಿಟ್ಟಳು.

“ನಾನು ಮೂರು ದಿನ ಹೊರಗೆ ನಿಂತಿದ್ದು ಅಮ್ಮಂಗೆ ಗೊತ್ತಿತ್ತು,” ಎಂದಳು. “ಅಂದ್ರೆ ನಂಬಿದ್ದು ನಾನೊಬ್ಬಳೇ.”

ಇಡೀ ಮೈಸೂರಿನಲ್ಲಿ ನನ್ನ ಸುಳ್ಳಿಗೆ ಸಿಕ್ಕಿದ್ದು ಒಬ್ಬಳೇ, ಅವಳು ಏಳು ವರ್ಷದ ಮಗು. ಉಳಿದವರಿಗೆಲ್ಲ ಅದು ನನ್ನ ಮರ್ಯಾದೆ ಉಳಿಸುವ ವಿಷಯವಾಗಿತ್ತು. ಅವಳಿಗೆ ಆ ಸುಳ್ಳೇ ಅಣ್ಣನಾಗಿತ್ತು. ತಪ್ಪಾಯ್ತು ಪುಟ್ಟಿ ಎಂದೆ. ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು ಹೇಗೋ ಬಾಯಿಗೆ ಬಂದುಬಿಟ್ಟಿತು.

ಅವಳು ಎದ್ದು ಅಕ್ಕಿ ತೊಳೆದು ಕುಕ್ಕರ್ ಇಟ್ಟಳು. ನಾನು ಈರುಳ್ಳಿ ಹೆಚ್ಚಿದೆ. ಮೂರು ಸೀಟಿ ಆಯಿತು. ಒಲೆ ಆರಿಸಿ ಅವಳು ನನ್ನ ಕಡೆ ತಿರುಗಿದಳು.

“ಅಣ್ಣ, ಕಾಗೆ ಓಡಿಸ್ತಿದ್ದಿದ್ದಾದ್ರೂ ನಿಜಾನಾ?”

“ನಿಜ,” ಎಂದೆ.

ಅವಳು ಸೌಟು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಹೇಳಿದ ಒಂದು ಮಾತನ್ನು ನನ್ನ ತಂಗಿ ತೂಗಿ ನೋಡಿದ್ದು ಅದೇ ಮೊದಲು.